ದೊಡ್ಡಮ್ಮ ಪಾಲು ಮಾಡಿದ ಪುಡಿ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಮಗು ಹಾಕಿಕೊಂಡಿದ್ದ ಸ್ವೆಟರ್ ಹಳದಿ ಎಂದು ನನ್ನ ನೆನಪು. ಅದರ ತಾಯಿ ಕೆಂಪು ಅನ್ನುತ್ತಾಳೆ. ಅದು ಮಲಗಿದ್ದ ಮಂಚ ಕಿಟಕಿಯ ಪಕ್ಕದ್ದೋ ಬಾಗಿಲ ಪಕ್ಕದ್ದೋ ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ. ಕಾಲೇಜಿನ ದಿನಗಳಿಂದ ಡೈರಿ ಬರೆಯುವ ಅಭ್ಯಾಸ ನನಗಿದೆ, ಆದರೆ ಆ ವಾರದ ಪುಟಗಳು ಖಾಲಿ. ಬರೆಯದೆ ಬಿಟ್ಟದ್ದನ್ನು ಈಗ ತಿಂಗಳುಗಳ ನಂತರ ನೆನಪಿನಿಂದ ತೆಗೆಯುತ್ತಿದ್ದೇನೆ. ಹೀಗೆ ತೆಗೆಯುವಾಗ ಮನಸ್ಸು ತನಗೆ ಅನುಕೂಲವಾದದ್ದನ್ನೇ ಮೇಲೆ ತಂದಿಡುತ್ತದೆ. ಲೆಕ್ಕವನ್ನು ಮಾತ್ರ ನಂಬಬಹುದು. ಮಗುವಿನ ತೂಕ ಮತ್ತು ಸೀಸೆಯಲ್ಲಿದ್ದ ಔಷಧಿಯ ಪ್ರಮಾಣ ಗೊತ್ತಿದ್ದರೆ ಉಳಿದದ್ದನ್ನು ಇವತ್ತು ಕೂತರೂ ಮತ್ತೆ ಮಾಡಿ ನೋಡಬಹುದು. ಮಾಡಿ ನೋಡಿದ್ದೇನೆ. ಉತ್ತರ ಬದಲಾಗಿಲ್ಲ.

ನಾನು ಬಂಗಾರಪೇಟೆಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸ್. ಮನೆ ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ. ಅಮ್ಮ ಮತ್ತು ನಾನು ಇಬ್ಬರೇ. ಬೆಳಗಿನ ರೈಲು ಹಿಡಿದು ಹೋಗಿ ಸಂಜೆ ಸಿಕ್ಕ ಬಸ್ಸಿಗೆ ಬರುತ್ತೇನೆ. ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಊರ ಕಡೆಯ ನೆಂಟರಿಗೆಲ್ಲ ನಮ್ಮಮ್ಮ ಅರ್ಧ ಡಾಕ್ಟರಾದಳು. ನಾನು ಡ್ಯೂಟಿಯಲ್ಲಿ ಫೋನ್ ಎತ್ತುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಅಮ್ಮನಿಗೆ ಮಾಡುತ್ತಾರೆ: ಜ್ವರಕ್ಕೆ ಈ ಮಾತ್ರೆ ಆಗುತ್ತಾ, ಬಾಣಂತಿ ಇದನ್ನು ನುಂಗಬಹುದಾ. ಅಮ್ಮ ಗಂಭೀರವಾಗಿ, "ತಡಿ, ಮಗಳ್ನ ಕೇಳಿ ಯೋಳ್ತೀನಿ" ಅನ್ನುತ್ತಾಳೆ. ಬಹಳ ಸಲ ಕೇಳುತ್ತಾಳೆ. ಕೆಲವು ಸಲ ಕೇಳದೆಯೇ ಹೇಳಿಬಿಡುತ್ತಾಳೆ. ನಾನು ಬೈದಾಗ ನಗುತ್ತಾಳೆ: "ಇಷ್ಟ್ ವರ್ಷ ನಿನ್ ಬಾಯಿಂದ ಕೇಳಿಲ್ವೇನೇ, ನನ್ಗೂ ಬತ್ತದೆ."

ಮಕ್ಕಳ ವಾರ್ಡಿನಲ್ಲಿ ಬೆಳಗಿನ ಮುಖ್ಯ ಕೆಲಸ ಪುಡಿ ಕರಗಿಸುವುದು. ಇಂಜೆಕ್ಷನ್ನಿನ ಔಷಧಿಗಳಲ್ಲಿ ಹಲವು ದ್ರವವಾಗಿ ಇಟ್ಟರೆ ಕೆಡುತ್ತವೆ. ಅದಕ್ಕೇ ರಬ್ಬರ್ ಮುಚ್ಚಳದ ಪುಟ್ಟ ಗಾಜಿನ ಸೀಸೆಯಲ್ಲಿ ಪುಡಿಯಾಗಿ ಬರುತ್ತವೆ. ಕೊಡುವ ಹೊತ್ತಿಗೆ ಶುದ್ಧೀಕರಿಸಿದ ನೀರು ಸೇರಿಸಿ ಕರಗಿಸಬೇಕು. ದೊಡ್ಡವರಿಗಾದರೆ ಹೆಚ್ಚಾಗಿ ಇಡೀ ಸೀಸೆ ಹೋಗುತ್ತದೆ. ಮಕ್ಕಳಿಗೆ ತೂಕ ನೋಡಿ, ಅದರಲ್ಲಿ ಎಷ್ಟು ಭಾಗ ಎಂದು ಲೆಕ್ಕ ಹಾಕಬೇಕು. ಹೊಸಬರು ಎಡವುವ ಜಾಗ ಒಂದಿದೆ. ಪುಡಿಯೂ ಜಾಗ ಹಿಡಿಯುತ್ತದೆ. ಒಂದು ಗ್ರಾಂ ಪುಡಿಗೆ ಹತ್ತು ಮಿ.ಲೀ. ನೀರು ಹಾಕಿದರೆ ಸೀಸೆಯಲ್ಲಿ ಹತ್ತಕ್ಕಿಂತ ಹೆಚ್ಚಾಗುತ್ತದೆ. ನಮ್ಮಲ್ಲಿ ಬರುವ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್‌ನ ಒಂದು ಗ್ರಾಂ ಸೀಸೆಯ ಜತೆಯ ಚೀಟಿಯಲ್ಲಿ 9.6 ಮಿ.ಲೀ. ಹಾಕಿ ಎಂದಿದೆ. ಆಗ ಕರಗಿದ ಮೇಲೆ ಹತ್ತಾಗುತ್ತದೆ, ಮಿ.ಲೀ.ಗೆ ನೂರು ಮಿಲಿಗ್ರಾಂ.

ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಕೆಜಿಎಫ್‌ನ ತಮಿಳು ಮನೆಯವರು. ಮೂರು ಭಾಷೆಯಲ್ಲಿ ಬೈಯುತ್ತಾರೆ, ಯಾವುದರಲ್ಲೂ ಕೋಪ ಇರುವುದಿಲ್ಲ. ಅವರದೊಂದು ಕಟ್ಟಳೆ ಇದೆ. ಮಕ್ಕಳ ಡೋಸನ್ನು ಇಬ್ಬರು ಬೇರೆ ಬೇರೆ ಲೆಕ್ಕ ಹಾಕಬೇಕು, ಒಬ್ಬರ ಉತ್ತರ ಇನ್ನೊಬ್ಬರಿಗೆ ಕೇಳಿಸಬಾರದು. ನಾನು ಹೊಸದಾಗಿ ಸೇರಿದಾಗ ಉತ್ತರವನ್ನು ಜೋರಾಗಿ ಹೇಳಿದ್ದಕ್ಕೆ ಅವರು ಕಿವಿ ಮುಚ್ಚಿಕೊಂಡಿದ್ದರು.

"ಅಯ್ಯೋ, ನೀನ್ ಮೊದ್ಲು ಹೇಳ್ಬೇಡ ಮಾ! ನೀನ್ ಹೇಳ್ಬಿಟ್ರೆ ನನ್ ತಲೆ ನಿನ್ ಉತ್ತರದ ಹಿಂದೇನೇ ಓಡುತ್ತೆ. ಆಮೇಲೆ ಅದು ನಂದಾ ನಿಂದಾ ಅಂತ ನಂಗೇ ತಿಳಿಯಲ್ಲ."

ಆ ಮಾತಿಗೆ ಆಗ ನಕ್ಕಿದ್ದೆ.

ಆವತ್ತು ಬೆಳಿಗ್ಗೆ ಔಷಧಿಯ ಟ್ರೇ ಜೋಡಿಸುತ್ತಿದ್ದಾಗ ವಾರ್ಡಿನ ಬಾಗಿಲಲ್ಲಿ ನಮ್ಮ ದೊಡ್ಡಮ್ಮ ಕಂಡಳು. ಅಮ್ಮನ ಅಕ್ಕ, ಕ್ಯಾಸಂಬಳ್ಳಿ ಕಡೆಯ ಹಳ್ಳಿಯವಳು. ಅವಳ ಹಿಂದೆ ಕಿರಿ ಸೊಸೆ ಮಗುವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಎರಡೂವರೆ ವರ್ಷದ ಹೆಣ್ಣು ಮಗು. ಹಿಂದೊಮ್ಮೆ ಅವರ ಮನೆಗೆ ಹೋದಾಗ ನಾನೇ ಅದಕ್ಕೊಂದು ಲಸಿಕೆ ಹಾಕಿಸಲು ಕರೆದುಕೊಂಡು ಹೋಗಿದ್ದೆ. ಅಂದಿನಿಂದ ಅದು ನನ್ನನ್ನು ಕರೆಯುತ್ತಿದ್ದದ್ದು "ಸೂಜಿ ಅತ್ತೆ" ಎಂದು.

"ಜ್ವರ ಬಿಡ್ಲೇ ಇಲ್ಲ ಕಣೇ. ನೀನಿದ್ದೀಯಲ್ಲ ಅಂತ ಇಲ್ಗೇ ಕರ್ಕೊಂಡು ಬಂದ್ವಿ" ಎಂದಳು ದೊಡ್ಡಮ್ಮ.

ಮಗುವಿನ ಮೂಗಿನ ಹೊಳ್ಳೆ ಉಸಿರಿಗೊಮ್ಮೆ ಅಗಲವಾಗುತ್ತಿತ್ತು. ಸ್ವೆಟರ್ ಎತ್ತಿ ನೋಡಿದರೆ ಪಕ್ಕೆಲುಬುಗಳ ಕೆಳಗಿನ ಭಾಗ ಪ್ರತಿ ಉಸಿರಿಗೂ ಒಳಕ್ಕೆ ಸೆಳೆಯುತ್ತಿತ್ತು. ನ್ಯುಮೋನಿಯಾದ ಮಕ್ಕಳಲ್ಲಿ ಅದನ್ನು ಕಂಡರೆ ನಾವು ಮಾತು ನಿಲ್ಲಿಸುತ್ತೇವೆ. ಆಮ್ಲಜನಕದ ನಳಿಕೆ ಸಿಕ್ಕಿಸಿ ಡಾಕ್ಟರಿಗೆ ಹೇಳಿಕಳಿಸಿದೆ.

ತೂಕ ಎಷ್ಟು ಎಂದು ಕೇಳಿದಾಗ ಕಿರಿ ಸೊಸೆ, "ಅನ್ನೆರಡು ಅಂದಿದ್ರು ಅಕ್ಕಾ, ಅಂಗನವಾಡೀಲಿ" ಎಂದಳು. ಹಿರಿಯ ಸಿಸ್ಟರ್ ಒಪ್ಪಲಿಲ್ಲ. ಸ್ವೆಟರ್, ಟೋಪಿ, ಕಾಲ್ಗೆಜ್ಜೆ, ಬೆಳ್ಳಿ ಉಡುದಾರ ಎಲ್ಲ ಬಿಚ್ಚಿಸಿದರು.

"ಚಳಿ ಆಗಲ್ವೇನಮ್ಮ ಮಗೀಗೆ? ಉಡ್ದಾರ ಎಷ್ಟ್ ತೂಕ ಇದ್ದಾತು?" ಎಂದು ದೊಡ್ಡಮ್ಮ ತಕರಾರು ತೆಗೆದಳು.

"ಉಡ್ದಾರಕ್ಕೆ ನ್ಯುಮೋನಿಯಾ ಬಂದಿಲ್ಲ ಪಾಟಿ. ಮಗೂಗೆ ಮಾತ್ರ ಔಷಧಿ ಕೊಡ್ತೀವಿ" ಎಂದರು ಸಿಸ್ಟರ್, ಅವಳನ್ನು ಅಜ್ಜಿ ಎಂದು ತಮಿಳಿನಲ್ಲೇ ಕರೆದು.

ದೊಡ್ಡಮ್ಮ ನಕ್ಕಳು. ಅವಳು ಆಸ್ಪತ್ರೆಯಲ್ಲಿ ನಕ್ಕದ್ದು ಅದೊಂದೇ ಸಲ ಇರಬೇಕು. ಯಂತ್ರ ಹತ್ತು ಕಿಲೋ ತೋರಿಸಿತು.

ಡಾಕ್ಟರು ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಲಗಡೆ ಬಹಳ ಹೊತ್ತು ಕೇಳಿದರು. ಮೊದಲು ಏನು ಕೊಟ್ಟಿದ್ದಿರಿ ಎಂದು ವಿಚಾರಿಸಿದರು. ಕಿರಿ ಸೊಸೆ ಹೇಳಿದಳು: ಊರ ಹತ್ತಿರದ ಕ್ಲಿನಿಕ್ಕಿನಲ್ಲಿ ಸಿರಪ್ ಬರೆದುಕೊಟ್ಟಿದ್ದರು, ನೀರು ಬೆರೆಸಿ ಕೊಡುವ ಪುಡಿಯದು, ಬೆಳಿಗ್ಗೆ ಒಂದು ಮುಚ್ಚಳ, ಸಂಜೆ ಒಂದು ಮುಚ್ಚಳ, ಮೂರು ದಿನ, ಒಂದು ಹೊತ್ತೂ ತಪ್ಪಿಸಿಲ್ಲ.

"ಮೂರು ದಿನ ಸರಿಯಾಗಿ ಕೊಟ್ಟ ಮೇಲೂ ಹೀಗಾಗಿದೆ ಅಂದ್ರೆ ಆ ಔಷಧಿಗೆ ಬಗ್ಗದ ಸೋಂಕು ಇರಬೇಕು" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. "ಸೆಫ್ಟ್ರಿಯಾಕ್ಸೋನ್ ಮೊದಲ ಡೋಸ್ ಈಗಲೇ ಹಾಕಿ. ಎಕ್ಸ್‌ರೇ ತೆಗೆಸಿ. ಇದು ನಮ್ಮ ಕೈ ಮೀರಿದ್ದು ಅನ್ನಿಸ್ತಿದೆ, ಮಧ್ಯಾಹ್ನದೊಳಗೆ ಕೋಲಾರಕ್ಕೆ ಕಳಿಸೋಣ. ಮೊದಲು ಕೊಟ್ಟ ಸಿರಪ್‌ನ ಸೀಸೆ ಇದ್ರೆ ಹೆಸರು, ಶಕ್ತಿ ಎಲ್ಲ ಬರೆದಿಡಿ. ಅಲ್ಲಿ ಕೇಳ್ತಾರೆ."

ಕಿಲೋಗೆ ಐವತ್ತು ಮಿಲಿಗ್ರಾಂನಂತೆ ಐನೂರು. ಹಿರಿಯ ಸಿಸ್ಟರ್ ಬೆನ್ನು ತಿರುಗಿಸಿ ಅಂಗೈಯಲ್ಲಿ ಲೆಕ್ಕ ಬರೆದುಕೊಂಡರು, ನಾನು ಚೀಟಿಯಲ್ಲಿ. ಇಬ್ಬರದೂ ಐದು ಮಿ.ಲೀ. ಬಂತು. ಹನ್ನೆರಡು ಕಿಲೋ ಎಂದು ನಂಬಿದ್ದರೆ ಆರಾಗುತ್ತಿತ್ತು. ಸೀಸೆಯ ತಳಕ್ಕೆ ಅಂಟಿದ ಪುಡಿಯನ್ನು ಬೆರಳಿಂದ ತಟ್ಟಿ ಸಡಿಲಿಸಿದೆ. ರಬ್ಬರನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಲು ಬಿಟ್ಟು, ನೀರನ್ನು ಗಾಜಿನ ಗೋಡೆಯ ಮೇಲೆ ಜಾರುವಂತೆ ನಿಧಾನ ಬಿಟ್ಟೆ. ಅಂಗೈಗಳ ನಡುವೆ ಉರುಳಿಸಿ, ಬೆಳಕಿಗೆ ಹಿಡಿದು, ಒಂದು ಕಣವೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ತಿಳಿ ಹಳದಿ. ಐದು ಮಿ.ಲೀ. ಎಳೆದು ಸಲೈನ್‌ಗೆ ಸೇರಿಸಿದೆ, ಅರ್ಧ ಗಂಟೆ ಹರಿಸಲು. ಮೇಲೆ ಹೆಸರು, ಪ್ರಮಾಣ, ಹೊತ್ತು ಬರೆದು ಅಂಟಿಸಿದೆ.

ರಕ್ತನಾಳ ಸಿಗಲಿಲ್ಲ. ಎಡಗೈಯಲ್ಲಿ ಚುಚ್ಚಿದ ಕಡೆ ಊದಿಕೊಂಡಿತು, ಬಲಗೈಯಲ್ಲಿ ರಕ್ತವೇ ಬರಲಿಲ್ಲ. ಮಗುವಿಗೆ ಅಳುವುದಕ್ಕೂ ಉಸಿರಿರಲಿಲ್ಲ. "ಸೂಜಿ ಅತ್ತೆ ಓಗು" ಎಂದಿತು, ಅಷ್ಟೆ. ಕೊನೆಗೆ ಹಿರಿಯ ಸಿಸ್ಟರ್ ಪಾದದಲ್ಲಿ ಹುಡುಕಿ ಸೂಜಿ ಕೂರಿಸಿದರು. ಔಷಧಿ ಹನಿಯಲು ಶುರುವಾದ ಮೇಲೆ ಸಿರಪ್ಪಿನ ಸೀಸೆ ಕೊಡು ಎಂದು ಕಿರಿ ಸೊಸೆಯನ್ನು ಕೇಳಿದೆ.

ಅವಳು ಬಟ್ಟೆ ಚೀಲದಿಂದ ತೆಗೆದುಕೊಟ್ಟಳು. ತಳದಲ್ಲಿ ಸ್ವಲ್ಪ ಉಳಿದಿತ್ತು. ನಾನು ಅದನ್ನು ಅಲುಗಾಡಿಸಿ ನೋಡಿದೆ, ಅಭ್ಯಾಸಬಲ. ಆ ಸಿರಪ್ ಬೆರೆಸಿದಾಗ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು: ಗಟ್ಟಿ, ಗಾಜಿಗೆ ಅಂಟಿ ನಿಧಾನ ಇಳಿಯುತ್ತದೆ. ಇದು ನೀರು ಮಜ್ಜಿಗೆಯ ಹಾಗೆ ಒಂದೇ ಸಲಕ್ಕೆ ಇಳಿದುಹೋಯಿತು. ಚೀಟಿ ಸವೆದಿತ್ತು. ಅವಧಿ ಹಿಂದಿನ ವರ್ಷವೇ ಮುಗಿದಿತ್ತು.

"ಇದು ಹಳೇ ಔಷಧಿ ಕಣಮ್ಮ."

"ಇಲ್ಲ ಅಕ್ಕಾ, ಔಷಧಿ ಒಸದೇ. ಸೀಸೆ ಮಾತ್ರ ಅಳೇದು."

ನನಗೆ ಅರ್ಥವಾಗಲಿಲ್ಲ. ಮಂಚದ ಆ ಬದಿಯಲ್ಲಿ ಮಗುವಿನ ಕಾಲು ನೀವುತ್ತಿದ್ದ ದೊಡ್ಡಮ್ಮ ತಲೆ ಎತ್ತಿದಳು. "ನಾನೇ ಪಾಲು ಮಾಡಿದ್ದು" ಎಂದಳು. ಒಳ್ಳೆಯ ಕೆಲಸ ಮಾಡಿದವರು ಹೇಳುವಂತೆಯೇ ಹೇಳಿದಳು.

ಅವಳು ಹೇಳಿದ್ದು ಇದು. ಕೆಲವು ತಿಂಗಳ ಹಿಂದೆ ಅವಳ ಇಬ್ಬರು ಮಕ್ಕಳು ಬೇರೆಯಾಗಿದ್ದರು. ಒಂದೇ ಅಂಗಳ, ಎರಡು ಒಲೆ. ಹಸು, ಪಾತ್ರೆ, ಬಾವಿಯ ಹಗ್ಗ ಎಲ್ಲವನ್ನೂ ದೊಡ್ಡಮ್ಮನೇ ನಿಂತು ಹಂಚಿದ್ದಳು. ಯಾರಿಗೂ ಹೆಚ್ಚಾಯಿತು, ಕಡಿಮೆಯಾಯಿತು ಅನ್ನಿಸಿರಲಿಲ್ಲ. ಊರಲ್ಲಿ ಅದಕ್ಕೆ ಅವಳಿಗೆ ಹೆಸರು ಬಂದಿತ್ತು. ಈಗ ಹಿರಿ ಮಗನ ಹುಡುಗನಿಗೂ ಕಿರಿ ಮಗನ ಈ ಮಗುವಿಗೂ ಒಟ್ಟಿಗೆ ಜ್ವರ, ಕೆಮ್ಮು ಬಂತು. ಕ್ಲಿನಿಕ್ಕಿನಲ್ಲಿ ಇಬ್ಬರಿಗೂ ಅದೇ ಔಷಧಿ ಬರೆದರು. ಮೆಡಿಕಲ್ ಅಂಗಡಿಯಲ್ಲಿ ಒಂದೇ ಸೀಸೆ ಉಳಿದಿತ್ತು. ಇನ್ನೊಂದಕ್ಕೆ ಎರಡು ದಿನ ಬಿಟ್ಟು ಬನ್ನಿ ಎಂದರು.

"ಒಂದ್ ಸೀಸೆ ಯಾರ್ ಮನೆಗೆ ಕೊಡ್ಲಿ ಯೋಳು? ಬೆಂಕಿಪೊಟ್ಣ ತಂದ್ರೂ ಕಡ್ಡಿ ಎಣ್ಸಿ ಕೊಡ್ಬೇಕು ನಮ್ಮನೇಲಿ. ನೀರ್ ಆಕಿ ಅಂಚಿದ್ರೆ ತಿಳಿ ಒಬ್ರಿಗೆ, ಗಟ್ಟಿ ಒಬ್ರಿಗೆ ಓಯ್ತದೆ. ಅದ್ಕೆ ಪುಡೀನೇ ಪಾಲು ಮಾಡ್ದೆ. ತಟ್ಟೆ ಬಿಸ್ನೀರಾಗೆ ತೊಳ್ದು, ಒಣಗ್ಸಿ, ಅದ್ರಾಗೆ ಸುರ್ಕೊಂಡು, ಚಾಕು ಅಂಚ್ನಾಗೆ ಎರಡ್ ಭಾಗ ಮಾಡ್ದೆ. ಇವ್ರ ಮನೇಲಿ ಓದ್ ವರ್ಸದ್ದು ಇದೇ ಔಷಧಿ ಕಾಲಿ ಸೀಸೆ ಇತ್ತು. ಅದನ್ನೂ ಕುದಿಸ್ದೆ. ಆಮೇಲೆ ಎರಡ್ರಾಗೂ ಗೀಟಿನ ತಂಕ ಕಾಯಿಸಿ ಆರಿಸಿದ್ ನೀರು. ಒಂದ್ ಚಿಟಿಕೆ ಎಚ್ಚು ಕಮ್ಮಿ ಆಗಿಲ್ಲ."

ಆಗಿರಲಿಲ್ಲ, ನಿಜ. ಅವಳ ಪಾಲು ಸರಿಯಾಗಿಯೇ ಇತ್ತು. ಸೀಸೆಯ ಮೇಲಿನ ಗೆರೆ ಪೂರ್ತಿ ಪುಡಿಗಾಗಿ ಹಾಕಿದ ಗೆರೆ. ಅರ್ಧ ಪುಡಿಗೆ ಆ ಗೆರೆಯವರೆಗೂ ನೀರು ಹಾಕಿದರೆ ಮುಚ್ಚಳ ಅದೇ, ಅಳತೆ ಅದೇ, ಒಳಗಿನ ಔಷಧಿ ಮಾತ್ರ ಅರ್ಧ. ಐದು ಮಿ.ಲೀ.ಗೆ ಇನ್ನೂರು ಮಿಲಿಗ್ರಾಂ ಇರಬೇಕಾದ ಕಡೆ ನೂರು. ಮಾರನೆಯ ದಿನ ಹಿರಿ ಮಗನ ಹುಡುಗನ ಜ್ವರ ಇಳಿಯಿತು. ಅವನದು ಬರೀ ನೆಗಡಿ ಇದ್ದಿರಬೇಕು. ಔಷಧಿ ಹಿಡಿಯಿತು ಎಂದುಕೊಂಡು ಇನ್ನೊಂದು ಸೀಸೆ ತರಲು ಯಾರೂ ಹೋಗಲಿಲ್ಲ. ಅದೇ ಔಷಧಿ ಕುಡಿದ ಈ ಮಗುವಿಗೆ ಯಾಕೆ ಹಿಡಿಯುತ್ತಿಲ್ಲ ಎಂದು ಮನೆಯಲ್ಲಿ ದೃಷ್ಟಿ ತೆಗೆದರಂತೆ.

ನನ್ನ ಮುಖದಲ್ಲಿ ಏನು ಕಂಡಿತೋ ಗೊತ್ತಿಲ್ಲ. ದೊಡ್ಡಮ್ಮ ಎದ್ದು ಬಂದು ನನ್ನ ತೋಳು ಹಿಡಿದು ಬಾಗಿಲ ಹೊರಗೆ ಕರೆದುಕೊಂಡು ಹೋದಳು.

"ಏನೇ? ಏನಾಯ್ತೇ? ಪಾಲು ಮಾಡಬಾರ್ದಿತ್ತಾ?"

ನಾನು ಹೇಳಿದೆ. ಹಿಟ್ಟು ಅರ್ಧ ಹಾಕಿ ನೀರು ಪೂರ್ತಿ ಹಾಕಿದ ಅಂಬಲಿ ಎಂದೆ. ಅವಳಿಗೆ ತಕ್ಷಣ ತಿಳಿಯಿತು. ತಿಳಿಯಲು ಅವಳಿಗೆ ನನ್ನ ಓದು ಬೇಕಿರಲಿಲ್ಲ, ಯಾರಾದರೂ ಮೊದಲೇ ಹೇಳಿದ್ದರೆ ಸಾಕಿತ್ತು. ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಹೇಳಿದಳು:

"ನಾನು ಕೇಳ್ದೆ ಕಣೇ. ಯಾರ್ನೂ ಕೇಳ್ದಲೇ ಮಾಡಿಲ್ಲ. ಸಂಜೇನೇ ನಿಮ್ಮಮ್ಮಂಗೆ ಫೋನ್ ಮಾಡ್ದೆ, ಪುಡಿ ಪಾಲು ಮಾಡ್ಬೋದಾ ಅಂತ. ಮಗಳ್ನ ಕೇಳಿ ಯೋಳ್ತೀನಿ ಅಂದ್ಲು. ಬೆಳಗ್ಗೆ ಅವ್ಳೇ ಫೋನ್ ಮಾಡಿ, ಮಗಳ್ನ ಕೇಳ್ದೆ ಅಕ್ಕಾ, ಮಾಡ್ಬೋದಂತೆ ಅಂದ್ಲು. ನೀನೇ ಯೋಳಿದ್ದು ಅಂದ್ಕೊಂಡಿದ್ದೆ."

ನನಗೆ ಅಂಥದ್ದೇನೂ ನೆನಪಿಗೆ ಬರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದೆ, ಆದರೆ ಅಷ್ಟರಲ್ಲಿ ಅವಳು ನನ್ನ ಎರಡೂ ಕೈ ಹಿಡಿದಿದ್ದಳು.

"ಡಾಕ್ಟ್ರಿಗೆ ಯೋಳ್ಬ್ಯಾಡ ತಾಯಿ. ಸೊಸೆ ಅಲ್ಲೇ ಅವ್ಳೆ. ಎಂಗೂ ಕೋಲಾರಕ್ಕೆ ಕಳಿಸ್ತಾರಂತಲ್ಲ, ಅಲ್ಲಿ ಒಳ್ಳೆ ಔಷಧಿ ಕೊಡ್ತಾರಲ್ಲ. ಈ ಮಾತು ನಮ್ಮಲ್ಲೇ ಇರ್ಲಿ."

ಆ ಕ್ಷಣದಲ್ಲಿ ನನಗೆ ಏನೇನು ತಿಳಿದಿತ್ತು ಎಂಬುದನ್ನು ಸರಿಯಾಗಿ ಬರೆಯಬೇಕು. ಈಗ ಗೊತ್ತಿರುವುದನ್ನು ಆಗಲೇ ಗೊತ್ತಿತ್ತು ಎಂದು ಬರೆದುಕೊಳ್ಳುವುದು ಸುಲಭ. ಡಾಕ್ಟರು ಕೋಲಾರಕ್ಕೆ ಕಳಿಸೋಣ ಅಂದದ್ದು ಔಷಧಿ ಸೋತಿದೆ ಎಂದು ನಂಬಿ. ಔಷಧಿ ಅರ್ಧವೇ ಹೋಗಿದೆ ಎಂದರೆ ಅವರ ತೀರ್ಮಾನ ಬದಲಾಗಬಹುದು. ಯಾವ ಕಡೆಗೆ ಎಂದು ನಾನು ಯೋಚಿಸಲಿಲ್ಲ. ಅಥವಾ ಯೋಚಿಸಿದ್ದು ನೆನಪಿಲ್ಲ. ಮಗುವಿಗೆ ನಿಜವಾಗಿ ಎಷ್ಟು ಔಷಧಿ ಹೋಗಿದೆ ಎಂಬುದು ಚಿಕಿತ್ಸೆ ಮಾಡುವವರಿಗೆ ಗೊತ್ತಿರಬೇಕು ಎಂಬುದೊಂದೇ ತಲೆಯಲ್ಲಿತ್ತು. ಅವಳ ಕೈ ಬಿಡಿಸಿಕೊಂಡು ಹೋಗಿ ಹೇಳಿದೆ.

ಡಾಕ್ಟರು ಆಗಷ್ಟೇ ಬಂದಿದ್ದ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದರು. ಬಲಭಾಗದ ಕೆಳಗೆ ಬಿಳಿ ಮಚ್ಚೆ, ಬಹಳ ದೊಡ್ಡದಲ್ಲ. ನಾನು ಹೇಳಿದ್ದನ್ನು ಕೇಳಿ ಅದನ್ನು ಕೆಳಗಿಟ್ಟರು.

"ಹಾಗಾದ್ರೆ ಔಷಧಿ ಸೋತಿದೆ ಅಂತ ಹೇಳೋಕೇ ಆಗಲ್ಲ. ಸರಿಯಾದ ಡೋಸ್ ಇವತ್ತೇ ಮೊದಲು ಸಿಗ್ತಿರೋದು." ಎಕ್ಸ್‌ರೇಯನ್ನು ಮತ್ತೆ ಎತ್ತಿ ನೋಡಿದರು. "ಈ ಉಸಿರಲ್ಲಿ ಆಂಬುಲೆನ್ಸ್‌ನಲ್ಲಿ ಕುಲುಕಿಸಿಕೊಂಡು ಹೋಗೋದಕ್ಕಿಂತ ಇಲ್ಲೇ ಪೂರ್ತಿ ಡೋಸ್ ಕೊಟ್ಟು ನೋಡೋಣ. ನಾಳೆ ಬೆಳಿಗ್ಗೆ ತೀರ್ಮಾನ ಮಾಡೋಣ."

ಅವರೇ ಹೋಗಿ ತಾಯಿಗೆ ಹೇಳಿದರು. ಸೌಮ್ಯವಾಗಿಯೇ ಹೇಳಿದರು, ಯಾರ ಹೆಸರನ್ನೂ ಎತ್ತಲಿಲ್ಲ. ಅವಳು ಅರ್ಧಕ್ಕೇ ಅತ್ತೆಯ ಕಡೆ ತಿರುಗಿದಳು. ಕೂಗಲಿಲ್ಲ.

"ಒಲೆ ಪಾಲು ಮಾಡಿದ್ರಿ, ಅಸ ಪಾಲು ಮಾಡಿದ್ರಿ. ನನ್ ಮಗೀನ ಉಸ್ರೂ ಪಾಲು ಮಾಡಿದ್ರಾ ಅತ್ತೆ?"

ದೊಡ್ಡಮ್ಮ ನನ್ನನ್ನು ನೋಡಿದಳು. ಬೈಯುವ ನೋಟವಾಗಿರಲಿಲ್ಲ. ಅಮ್ಮನ ಫೋನಿನ ಮಾತನ್ನು ಅವಳು ಅಲ್ಲಿ ಎತ್ತಬಹುದಿತ್ತು. ತನ್ನ ಮೇಲಿನ ಭಾರದಲ್ಲಿ ಅರ್ಧ ಇಳಿಯುತ್ತಿತ್ತು. ಎತ್ತಲಿಲ್ಲ. ಹೋಗಿ ಮಂಚದ ಕಾಲ ಬಳಿ ನೆಲದ ಮೇಲೆ ಕೂತಳು.

ಸಂಜೆಯ ಹೊತ್ತಿಗೆ ಜ್ವರ ಒಂದಿಷ್ಟು ಇಳಿದಿತ್ತು. ಮಗು ನಾಲ್ಕು ಚಮಚ ಹಾಲು ಕುಡಿಯಿತು. ಜ್ವರ ನೋಡಲು ನಾನು ಟ್ರೇ ಹಿಡಿದು ಬಂದಾಗ ಕಾಲು ಒಳಗೆ ಎಳೆದುಕೊಂಡು ಮೂತಿ ಉಬ್ಬಿಸಿತು. ಹಿರಿಯ ಸಿಸ್ಟರ್, "ನೋಡು, ಕೋಪ ಬಂದ್ರೆ ಒಳ್ಳೇದು ಮಾ. ಕೋಪಕ್ಕೆ ಶಕ್ತಿ ಬೇಕು" ಎಂದರು. ನಾನು ನಂಬಿದೆ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೇಳಿದಳು: "ಪಾಪ ಎಂಗವ್ಳೆ?" ದೊಡ್ಡಮ್ಮ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿದ್ದನ್ನು ಹೇಳಿದ್ದಳಂತೆ; ಬೇರೇನು ಹೇಳಿದ್ದಳೋ ನಾನು ವಿಚಾರಿಸಲಿಲ್ಲ. ಪರವಾಗಿಲ್ಲ, ಜ್ವರ ಇಳಿಯುತ್ತಿದೆ ಎಂದೆ. ಪುಡಿಯ ಮಾತು ನಾಲಿಗೆಯ ತುದಿಯಲ್ಲಿತ್ತು. ಮಗು ಗುಣವಾಗಿ ಮನೆಗೆ ಹೋಗಲಿ, ಆಮೇಲೆ ಕೇಳೋಣ, ಆಗ ಬೈದು ನಗಬಹುದು ಎಂದುಕೊಂಡೆ. ಅಮ್ಮ ಅಂದು ನನ್ನ ತಟ್ಟೆಗೆ ಮುದ್ದೆ ಹಾಕಿ, ತಾನು ಆಮೇಲೆ ಊಟ ಮಾಡುತ್ತೇನೆ ಎಂದಳು.

ಮಾರನೆಯ ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಡಾಕ್ಟರು ಆಗಲೇ ಮಂಚದ ಬಳಿ ಇದ್ದರು. ಮಗುವಿನ ಎದೆಯ ಎಡಭಾಗ ಮಾತ್ರ ಏರಿಳಿಯುತ್ತಿತ್ತು. ಬಲಭಾಗ ಸುಮ್ಮನಿತ್ತು. ಹೊಸ ಎಕ್ಸ್‌ರೇಯಲ್ಲಿ ಹಿಂದಿನ ದಿನದ ಮಚ್ಚೆ ಕಾಣುತ್ತಲೇ ಇರಲಿಲ್ಲ. ಆ ಬದಿಯೆಲ್ಲ ಬಿಳಿಯಾಗಿತ್ತು. ಶ್ವಾಸಕೋಶದ ಸುತ್ತ ಕೀವು ತುಂಬಿದೆ, ನಳಿಕೆ ಹಾಕಿ ತೆಗೆಯಬೇಕು, ಅದು ಇಲ್ಲಿ ಆಗುವುದಿಲ್ಲ ಎಂದರು ಡಾಕ್ಟರು. ಬೆಳಗಿನ ಡೋಸನ್ನು ನಾನೇ ಕರಗಿಸಿದೆ. ಅದೇ 9.6, ಅದೇ ಐದು. ಹಿರಿಯ ಸಿಸ್ಟರ್ ಬೆನ್ನು ತಿರುಗಿಸಿ ಲೆಕ್ಕ ಹಾಕಿದರು. ಎಂದಿನಂತೆ ಎರಡೂ ಒಂದೇ ಬಂದವು. ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ.

ಆಂಬುಲೆನ್ಸ್‌ನಲ್ಲಿ ತಾಯಿಗೆ, ರಾತ್ರಿ ಊರಿಂದ ಬಂದಿದ್ದ ತಂದೆಗೆ ಜಾಗವಿತ್ತು. ದೊಡ್ಡಮ್ಮ ಹತ್ತಲು ಹೋದಾಗ ಸೊಸೆ ಕಣ್ಣೆತ್ತಿ ನೋಡಿದಳು, ಅಷ್ಟೆ. ದೊಡ್ಡಮ್ಮ ಹಿಂದೆ ಸರಿದಳು. ಗೇಟಿನ ಬಳಿ ನಿಂತು, ಮಗುವಿನ ಬೆಳ್ಳಿ ಉಡುದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ತೂಕ ಮಾಡುವಾಗ ಬಿಚ್ಚಿದ್ದನ್ನು ಮತ್ತೆ ಯಾರೂ ಹಾಕಿರಲಿಲ್ಲ.

ಮರುದಿನ ಮಧ್ಯಾಹ್ನ ಕೋಲಾರದಿಂದ ಫೋನ್ ಬಂತು. ನಾನು ಇನ್ನೊಂದು ಮಗುವಿಗೆ ಅದೇ ಪುಡಿಯನ್ನು ಕರಗಿಸುತ್ತಿದ್ದೆ. ಫೋನ್ ತೆಗೆದುಕೊಂಡವರು ಹಿರಿಯ ಸಿಸ್ಟರ್. ಅವರು ಬಂದು ನನ್ನ ಕೈಯಿಂದ ಸೀಸೆ ತೆಗೆದುಕೊಂಡು, ಅದರಲ್ಲಿದ್ದದ್ದನ್ನು ಚೆಲ್ಲಿ, ಹೊಸ ಸೀಸೆ ತೆರೆದರು.

"ಕೂತ್ಕೋ ಮಾ. ಇದನ್ನ ನಾನು ಮೊದಲಿಂದ ಮಾಡ್ತೀನಿ."

ಆಮೇಲೊಂದು ದಿನ ಡಾಕ್ಟರನ್ನು ಕೇಳಿದೆ: ನಾನು ಸುಮ್ಮನಿದ್ದಿದ್ದರೆ ಮೊದಲ ದಿನವೇ ಕಳಿಸುತ್ತಿದ್ದಿರಲ್ಲ, ಆಗ ಉಳಿಯುತ್ತಿತ್ತೇ? ಅವರು ಕನ್ನಡಕ ತೆಗೆದು ಒರೆಸಿದರು. "ಗೊತ್ತಿಲ್ಲ. ಮೊದಲಿಂದ ಪೂರ್ತಿ ಡೋಸ್ ಸಿಕ್ಕ ಮಕ್ಕಳಿಗೂ ಹೀಗಾಗಿದೆ. ಇಟ್ಟುಕೊಳ್ಳೋಣ ಅಂದದ್ದು ನಾನು. ಅದು ನನ್ನ ಹತ್ತಿರವೇ ಇರಲಿ, ನೀವು ತಗೊಳ್ಳಬೇಡಿ" ಎಂದರು. ಒಳ್ಳೆಯ ಮನುಷ್ಯ. ಹೇಳಿದ್ದು ತಪ್ಪು ಎಂದು ನಾನು ಈಗಲೂ ಅಂದುಕೊಂಡಿಲ್ಲ. ಆದರೆ ಹೇಳಿದ್ದರಿಂದ ಮಗುವಿಗೆ ಸಿಕ್ಕಿದ್ದು ನಮ್ಮ ವಾರ್ಡಿನಲ್ಲಿ ಇನ್ನೊಂದು ರಾತ್ರಿ, ಅಷ್ಟೆ.

ಈಗ ಮಕ್ಕಳನ್ನು ಮನೆಗೆ ಕಳಿಸುವಾಗ ಸಿರಪ್ಪಿನ ಪುಡಿಯನ್ನು ತಾಯಂದಿರ ಮುಂದೆಯೇ ಬೆರೆಸಿ ತೋರಿಸುತ್ತೇನೆ. ಮೊದಲು ತಟ್ಟಿ ಪುಡಿ ಸಡಿಲಿಸಿ, ಅರ್ಧದಷ್ಟು ನೀರು ಹಾಕಿ ಚೆನ್ನಾಗಿ ಅಲುಗಾಡಿಸಿ, ಆಮೇಲೆ ಗೆರೆಯವರೆಗೆ ತುಂಬಿಸಿ, ಪ್ರತಿ ಸಲ ಕೊಡುವ ಮುಂಚೆ ಮತ್ತೆ ಅಲುಗಾಡಿಸಿ. ಕೊನೆಗೆ, ಒಂದು ಸೀಸೆಯ ಪುಡಿಯನ್ನು ಎರಡು ಮಾಡಬೇಡಿ ಅನ್ನುತ್ತೇನೆ. "ಅಂಗೆ ಯಾರಾನ ಮಾಡ್ತಾರಾ ಸಿಸ್ಟರ್?" ಎಂದು ನಗುತ್ತಾರೆ. ಒಂದೊಂದು ಸಲ ಗುಂಪಿನಲ್ಲಿ ಯಾರಾದರೂ ಒಬ್ಬರು ನಗುವುದಿಲ್ಲ. ಅವರಿಗೆ ಇನ್ನೊಮ್ಮೆ ತೋರಿಸುತ್ತೇನೆ.

ತಿಥಿಗೆ ನಾನೂ ಅಮ್ಮನೂ ಹಳ್ಳಿಗೆ ಹೋಗಿದ್ದೆವು. ದೊಡ್ಡಮ್ಮ ಎರಡು ಒಲೆಗಳ ನಡುವಿನ ಜಗಲಿಯಲ್ಲಿ ಕೂತಿದ್ದಳು. ಯಾವ ಮನೆಯ ತಟ್ಟೆಯೂ ಅವಳ ಮುಂದೆ ಇರಲಿಲ್ಲ. ಅಮ್ಮ ಹೋಗಿ ಪಕ್ಕದಲ್ಲಿ ಕೂತಳು. ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು ಕಣ್ಣು ಮುಚ್ಚಿದ್ದಳು. ನಿದ್ದೆ ಮಾಡುತ್ತಿರಲಿಲ್ಲ.

ಅದಾದ ಮೇಲೆ ನನಗೊಂದು ದೃಶ್ಯ ಕಾಣತೊಡಗಿತು. ಬೆಳಿಗ್ಗೆ, ನಮ್ಮ ಅಡುಗೆಮನೆ. ನಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಜಡೆ ಸುತ್ತುತ್ತಿದ್ದೇನೆ. ಮಿಕ್ಸಿ ತಿರುಗುತ್ತಿದೆ. ಅಮ್ಮ ಏನೋ ಕೇಳುತ್ತಾಳೆ, ದೊಡ್ಡಮ್ಮ, ಔಷಧಿ, ಪುಡಿ. ರೈಲಿಗೆ ಹೊತ್ತಾಗಿದೆ. ನಾನು "ಹ್ಞೂಂ, ಆಗುತ್ತೆ ಬಿಡಮ್ಮ" ಎಂದು ಚೀಲ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಎಲ್ಲ ಸ್ಪಷ್ಟವಾಗಿದೆ, ಪಿನ್ನಿನ ಕಬ್ಬಿಣದ ರುಚಿ ಕೂಡ. ಆದರೆ ದೊಡ್ಡಮ್ಮ ಆ ಮಾತು ಹೇಳುವ ಮೊದಲು ಈ ದೃಶ್ಯ ನನ್ನಲ್ಲಿ ಇರಲಿಲ್ಲ. ಅವಳು ಮೊದಲು ಹೇಳಿಬಿಟ್ಟಳು. ಈಗ ಇದು ನಡೆದದ್ದೋ, ಅವಳ ಮಾತಿನ ಹಿಂದೆ ನನ್ನ ತಲೆ ಓಡಿಹೋಗಿ ಕಟ್ಟಿಕೊಂಡದ್ದೋ ತಿಳಿಯುವುದಿಲ್ಲ. ಅಂಥ ಬೆಳಗುಗಳು ನಮ್ಮ ಮನೆಯಲ್ಲಿ ಬೇಕಾದಷ್ಟಿವೆ. ಯಾವುದೋ ಬೇರೆ ಬೆಳಗು, ಯಾರದೋ ಬೇರೆ ಔಷಧಿ ಇದ್ದರೂ ಇರಬಹುದು.

ಕಳೆದ ವಾರ ಅಮ್ಮ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಎದುರಿಗೆ ಕೂತೆ. ನನಗೆ ರಜೆಯಿತ್ತು, ರೈಲಿನ ಅವಸರವಿರಲಿಲ್ಲ. ಮಿಕ್ಸಿಯೂ ತಿರುಗುತ್ತಿರಲಿಲ್ಲ. ನಾನು ಬೈಯುವುದಿಲ್ಲ ಎಂದು ಮೊದಲೇ ಹೇಳಿದೆ. ನನ್ನನ್ನು ಕಾಪಾಡಲು ಏನೂ ಹೇಳಬೇಡ ಎಂದೂ ಹೇಳಿದೆ. ಆಮೇಲೆ ಕೇಳಿದೆ:

"ಅಮ್ಮಾ, ಆವತ್ತು ದೊಡ್ಡಮ್ಮಂಗೆ ಮಾಡ್ಬೋದಂತೆ ಅಂತ ಹೇಳೋಕ್ ಮುಂಚೆ, ನೀನು ನನ್ನ ಕೇಳಿದ್ಯಾ?"

ಅವಳ ಕೈ ನಿಂತಿತು. ಬಿಡಿಸಿಟ್ಟ ಸೊಪ್ಪನ್ನು, ಕಸಕ್ಕೆ ತೆಗೆದಿಟ್ಟ ಕಡ್ಡಿಗಳನ್ನು ಒಂದೇ ಗುಡ್ಡೆ ಮಾಡಿ ಮತ್ತೆ ಮೊದಲಿಂದ ಬಿಡಿಸತೊಡಗಿದಳು.